ಹದ್ದಣ್ಣನ ಕಾವಲು

ಹದ್ದಿನ ಕಣ್ಣಿನವನೆಂದು ಬಂದರಿನವರು ಅವನನ್ನು ಹದ್ದಣ್ಣ ಎಂದೇ ಕರೆಯುತ್ತಿದ್ದರು. ಹಾಯಿದೋಣಿಗಳಲ್ಲಿ ಊರೂರು ಸುತ್ತುವ ಜನ ಲಂಗರು ಹಾಕಿ ಪೇಟೆ ನೋಡಲು ಇಳಿದರೆ, ಅವರು ಬರುವವರೆಗೆ ದೋಣಿ ಕಾಯುವುದು ಅವನ ಕೆಲಸ. ಕಾಯುವುದೆಂದರೆ ದೋಣಿಯಲ್ಲಿ ಹೋಗಿ ಕೂರುವುದಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಕೂತು, ದೋಣಿಯ ಹಾಯಿಕಂಬ ಎದುರು ದಡದ ಯಾವುದಾದರೊಂದು ಗುರುತಿಗೆ ನೇರವಾಗಿದೆಯೇ ಎಂದು ಆಗಾಗ ಕಣ್ಣು ಹಾಯಿಸುವುದು. ಕಂಬ ಗುರುತು ಬಿಟ್ಟು ಸರಿದರೆ ಲಂಗರು ಜಾರುತ್ತಿದೆ ಎಂದರ್ಥ. ಇದುವರೆಗೆ ಒಂದು ದೋಣಿಯನ್ನೂ ಕಳೆದುಕೊಂಡವನಲ್ಲ, ಅದನ್ನು ಹೇಳಿಕೊಳ್ಳದೆ ಒಂದು ದಿನ ಕಳೆದವನೂ ಅಲ್ಲ, ಪುಣ್ಯಾತ್ಮ.

ಅವತ್ತು ಬಂದವರು ಕೆಲಸದಿಂದ ನಿವೃತ್ತರಾದ ಮೇಷ್ಟ್ರು ಮತ್ತು ಅವರ ಹೆಂಡತಿ. ಬಹಳ ದಿನ ನೀರಿನ ಮೇಲಿದ್ದು ಬೇಸತ್ತವರು, ನೆಲ ಕಂಡದ್ದೇ ಹಬ್ಬ. ಸಂಜೆಯವರೆಗೂ ಸುತ್ತುತ್ತೇವೆ, ಅವಸರವಿಲ್ಲ ಎಂದರು. ಅವರನ್ನು ಚಿಕ್ಕ ದೋಣಿಯಲ್ಲಿ ದಡಕ್ಕೆ ಬಿಟ್ಟ ಹದ್ದಣ್ಣ, ಆಮೇಲೆ ಅವರಿಗೆ ಹೇಳದೆ ತನ್ನ ಹೆಂಡತಿಯನ್ನು ಕರೆದೊಯ್ದು ಹಾಯಿದೋಣಿ ಹತ್ತಿಸಿದ. ದೋಣಿ ತೊಳೆದು ಥಳಥಳ ಮಾಡಿಟ್ಟರೆ ಮೇಷ್ಟ್ರು ಮುಂದಿನ ಸಲವೂ ತನ್ನನ್ನೇ ಹುಡುಕಿಕೊಂಡು ಬರುತ್ತಾರೆಂಬ ಆಸೆ. ಅವಳಿಗೋ ಈಜು ಬಾರದು.

“ಗಾಳಿ ಯಾಕೋ ಕಡಲ ಕಡೆಗೇ ಎಳೀತಿದೆ. ಲಂಗರು ಗಟ್ಟಿಯಾಗಿ ಕಚ್ಚಿದೆಯಾ ಒಂದ್ಸಲ ನೋಡಿ,” ಎಂದಳು.

“ನಂಗೇ ಪಾಠ ಹೇಳ್ತೀಯಲ್ಲೇ,” ಎಂದು ನಕ್ಕು, ಚಿಕ್ಕ ದೋಣಿ ತಿರುಗಿಸಿಕೊಂಡು ದಡಕ್ಕೆ ಬಂದುಬಿಟ್ಟ.

ಅವತ್ತಿನ ಗುರುತು ಎದುರು ದಡದ ಹಳದಿ ಕ್ರೇನು. ಹಳಿಯ ಮೇಲೆ ಓಡಾಡುವಂಥದ್ದು, ವರ್ಷಗಳಿಂದ ಕೆಟ್ಟು ನಿಂತಿತ್ತು, ಅವತ್ತು ರಿಪೇರಿಗೆಂದು ಮೆಕ್ಯಾನಿಕ್‌ಗಳು ಅದರ ಮೇಲೆ ಹತ್ತಿದ್ದರು. ಮಧ್ಯಾಹ್ನ ನೋಡಿದಾಗ ಕಂಬ ಕ್ರೇನಿನಿಂದ ಒಂದು ಗೇಣು ಆಚೆಗಿತ್ತು. ಹದ್ದಣ್ಣ ಧಡಕ್ಕನೆ ಎದ್ದು ನಿಂತ. ಮರುಗಳಿಗೆಯೇ, ಅಯ್ಯೋ, ಕ್ರೇನು ಹಳಿಯ ಮೇಲೆ ಓಡಿರಬೇಕು ಎಂದುಕೊಂಡು ಮತ್ತೆ ಕೂತ. ಇನ್ನೊಂದು ಗುರುತು ನೋಡಬಾರದಿತ್ತೇ ಎಂದು ನೀವು ಕೇಳಬಹುದು. ತನ್ನ ಕಣ್ಣನ್ನೇ ದೇವರೆಂದುಕೊಂಡವನಿಗೆ ಅದೆಲ್ಲ ಎಲ್ಲಿ ಹೊಳೆಯುತ್ತದೆ?

ಅಂಗಡಿಯ ತಗಡು ಬಡಿದುಕೊಳ್ಳಲು ಶುರುವಾಯಿತು. ಮೇಷ್ಟ್ರು ಕ್ಷೌರ ಮಾಡಿಸಿಕೊಂಡು ಬಂದು ದೋಣಿ ಹೇಗಿದೆ ಎಂದು ವಿಚಾರಿಸಿದರು. ಕಲ್ಲಿನ ಹಾಗಿದೆ ಎಂದ. ಅದನ್ನು ನಂಬಿ ಅವರು ಮತ್ತೆ ಪೇಟೆಯ ಕಡೆ ಹೊರಟರು. ದೋಣಿಯ ಮೇಲೆ ಅವನ ಹೆಂಡತಿ ಬಿಳಿ ಹೊದಿಕೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಬೀಸುತ್ತಿದ್ದಳು. ಒಗೆದು ಒಣಗಿಸುತ್ತಿದ್ದಾಳೆ, ಪಾಪ ಎಷ್ಟು ಕಷ್ಟಪಡುತ್ತಾಳೆ ಎಂದು ಅವನಿಗೆ ಕನಿಕರವಾಯಿತು. ಎದ್ದು ನಿಂತು ತಾನೂ ಕೈ ಬೀಸಿದ. ಅವಳು ಇನ್ನೂ ಜೋರಾಗಿ ಬೀಸಿದಳು. ಅವನಿಗೆ ನಗು ಬಂತು.

ಬಿಸಿಲು ಇಳಿಯುವ ಹೊತ್ತಿಗೆ ಮೆಕ್ಯಾನಿಕ್ ಒಬ್ಬ ಕೈಯೆಲ್ಲ ಮಸಿ ಮಾಡಿಕೊಂಡು ಚಹಾಕ್ಕೆ ಬಂದ. ಕ್ರೇನು ಚೆನ್ನಾಗಿ ಓಡುತ್ತಿದೆಯಲ್ಲ ಎಂದು ಹದ್ದಣ್ಣ ಹೊಗಳಿದ.

“ಎಲ್ಲಿ ಓಡೋದು ಮಾರಾಯ,” ಎಂದ ಅವನು. “ಚಕ್ರ ಬಿಚ್ಚಿ ಕೆಳಗಿಟ್ಟಿದ್ದೀವಿ. ಬೆಳಗ್ಗೆಯಿಂದ ಒಂದಿಂಚೂ ಅಲ್ಲಾಡಿಲ್ಲ.”

ಹದ್ದಣ್ಣ ಲೋಟ ಕೆಳಗಿಟ್ಟ. ತಿರುಗಿ ನೋಡಿದರೆ ಕಂಬ ಬಂದರಿನ ಬಾಯಿಯನ್ನೂ ದಾಟಿತ್ತು. ಅದರಾಚೆ ಬೆಳ್ಳಗೆ ನೊರೆ ಕಾರುವ ಅಲೆಗಳು. ಬೆಂಚು ಹಾರಿ ಓಡಿದ. ನೀರಿಗಿಳಿಯುವ ಮೆಟ್ಟಿಲ ಬಳಿ ಚಿಕ್ಕ ದೋಣಿಯ ಹಗ್ಗ ಬಿಚ್ಚುತ್ತಿದ್ದಾಗ ಮೇಷ್ಟ್ರು ಏದುಸಿರು ಬಿಡುತ್ತ ಬಂದು ಅವನ ತೋಳು ಹಿಡಿದರು. ಅವರ ಮುಖದಲ್ಲಿ ಸಿಟ್ಟೇ ಇರಲಿಲ್ಲ.

“ಬೇಡಪ್ಪಾ, ಇಳೀಬೇಡ. ದೋಣಿ ತಾನೇ, ಹೋದ್ರೆ ಹೋಗ್ಲಿ. ಅದರಲ್ಲಿ ಯಾರಿದ್ದಾರೆ?”

“ನನ್ನ ಹೆಂಡತಿ ಇದಾಳೆ ಸಾರ್.”

ಮೇಷ್ಟ್ರ ಕೈ ತಾನಾಗಿಯೇ ಸಡಿಲಿತು. ಹದ್ದಣ್ಣ ದೋಣಿ ನೂಕಿ ಕೂತ. ಹುಟ್ಟು ಹಾಕುವ ಕೆಲಸವೇ ಇರಲಿಲ್ಲ, ಗಾಳಿಯೇ ತಳ್ಳಿಕೊಂಡು ಹೋಯಿತು. ಆ ಗಾಳಿಗೆ ಎದುರಾಗಿ ವಾಪಸು ಬರುವುದು ಆಗದ ಮಾತೆಂದು ದಡದ ಮೇಲೆ ಸೇರಿದ್ದ ಬೆಸ್ತರಿಗೆಲ್ಲ ಗೊತ್ತಿತ್ತು. ಅವರಲ್ಲಿ ಒಬ್ಬನೂ ತನ್ನ ದೋಣಿಯ ಹಗ್ಗ ಬಿಚ್ಚಲಿಲ್ಲ.