ಕುಣಿಗಲ್ ಸೋಲದಿರಲೆಂದು ಕಲ್ಲು ಆರಿಸುವ ಚಿಕ್ಕಹನುಮಯ್ಯ

ದೇವರಾಯನದುರ್ಗದ ಕಡೆಯಿಂದ ಬೆಳಕು ಈಗಷ್ಟೇ ಹರಿಯುತ್ತಿದೆ. ತುಮಕೂರಿನ ಈ ಕಾಲೇಜು ಮೈದಾನದ ಅಂಚಿನಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ. ಅದರ ಒಡೆಯರು ಬರಿಗಾಲಲ್ಲಿ ಮಣ್ಣಿನ ಮೇಲೆ ಪಾದ ಜಾರಿಸುತ್ತಾ ಹೋಗುತ್ತಾರೆ. ನಿಲ್ಲುತ್ತಾರೆ, ಬಗ್ಗುತ್ತಾರೆ, ಕಡಲೆಕಾಳಿನಷ್ಟು ಕಲ್ಲೊಂದನ್ನು ಎತ್ತಿ ಕೈಯಲ್ಲಿರುವ ತೆಂಗಿನ ಚಿಪ್ಪಿಗೆ ಹಾಕುತ್ತಾರೆ.

"ಕಣ್ಣಿಗೆ ಮೋಸ ಆಯ್ತದೆ ಸಾ, ಕಾಲಿಗೆ ಆಗಲ್ಲ," ಎನ್ನುತ್ತಾರೆ ಚಿಕ್ಕಹನುಮಯ್ಯ.

ಇವರು ಇಲ್ಲಿನ ದಿನಗೂಲಿ ಮೈದಾನ ಕೆಲಸಗಾರರು. ಮೈದಾನಕ್ಕೆ ಮೈ ದಾನ ಮಾಡಿದವರು ಎಂದರೂ ನಡೆದೀತು. ಊರು ಕುಣಿಗಲ್ ತಾಲ್ಲೂಕಿನ ಅಮೃತೂರಿನ ಪಕ್ಕ. ಮೀಸೆ ಮೂಡುವ ವಯಸ್ಸಿಗೆ ಇಲ್ಲಿ ಪೊರಕೆ ಹಿಡಿದವರು, ಈಗ ಮೀಸೆಯೂ ಪೊರಕೆಯೂ ಒಂದೇ ಬಣ್ಣಕ್ಕೆ ಬಂದಿವೆ. ನೀರು ಚಿಮುಕಿಸುವುದು, ಕೆರೆಯ ಗೋಡು ತಂದು ಜರಡಿ ಹಿಡಿದು ಹರಡುವುದು, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವುದು ಎಲ್ಲವೂ ಇವರ ಪಾಲಿಗೆ. ಕ್ರಿಕೆಟ್ಟಿನ ಪಿಚ್ಚಿಗೂ ಕಬಡ್ಡಿಯ ಅಂಕಣಕ್ಕೂ ಅವಸರದಲ್ಲೇ ಕೈಯಾಡಿಸುತ್ತಾರೆ. ಬೇಸ್‌ಬಾಲಿನ ತಂಗಿಯಂತಿರುವ ಸಾಫ್ಟ್‌ಬಾಲ್ ಆಡುವ ಮೂಲೆಗೆ ಬಂದರೆ ಮಾತ್ರ ಚಪ್ಪಲಿ ಬಿಡುತ್ತಾರೆ. ಅದರಲ್ಲೂ ಓಡುವವರು ಸರದಿಯಂತೆ ಮುಟ್ಟಬೇಕಾದ ಬೇಸುಗಳಲ್ಲಿ ಮೂರನೆಯದರ ಹತ್ತಿರ ಅವರ ನಡಿಗೆ ಆಮೆಯದಾಗುತ್ತದೆ.

ಕಾರಣ ಕೇಳಿದರೆ ಮೊದಲು ಯೋಗನರಸಿಂಹ ಮೇಷ್ಟ್ರ ವಿಷಯ ಬರುತ್ತದೆ. ಈಗ ಇಲ್ಲದ ಈ ವ್ಯಾಯಾಮ ಶಿಕ್ಷಕರಿಗೆ ನೂರು ವರ್ಷ ಹಿಂದಿನ ಅಮೆರಿಕದ ಬೇಸ್‌ಬಾಲ್ ಹುಚ್ಚು. ಸಂಜೆ ಹುಡುಗರನ್ನು ಕೂರಿಸಿಕೊಂಡು, ಪೀಪಿಯನ್ನೇ ಮೈಕು ಮಾಡಿಕೊಂಡು, ಹಳೆಯ ಪಂದ್ಯಗಳ ಕಾಮೆಂಟರಿ ಹೇಳುತ್ತಿದ್ದರಂತೆ. ವಾಷಿಂಗ್ಟನ್, ನ್ಯೂಯಾರ್ಕ್ ಎಂದರೆ ಹುಡುಗರು ಆಕಳಿಸುತ್ತಿದ್ದರು. ಮೇಷ್ಟ್ರು ಊರುಗಳನ್ನೇ ಬದಲಾಯಿಸಿದರು. ವಾಷಿಂಗ್ಟನ್ ಗುಬ್ಬಿಯಾಯಿತು, ಬಾಸ್ಟನ್ ತಿಪಟೂರಾಯಿತು, ಶಿಕಾಗೊ ಶಿರಾ ಆಯಿತು. ನ್ಯೂಯಾರ್ಕ್ ಮಾತ್ರ ಕುಣಿಗಲ್.

ಅಲ್ಲಿಗೆ ಕುಣಿಗಲ್ಲಿನ ಹಣೆಬರಹ ಕೆಟ್ಟಿತು. 1908ರಲ್ಲಿ ಗೆದ್ದೆವೆಂದುಕೊಂಡು ಎರಡನೇ ಬೇಸು ಮುಟ್ಟದೆಯೇ ಓಡಿಹೋದ ಹತ್ತೊಂಬತ್ತರ ಹುಡುಗ ನ್ಯೂಯಾರ್ಕಿನವನು. ಆ ರನ್ನೂ ಹೋಯಿತು, ಕೊನೆಗೆ ಆ ವರ್ಷದ ಪಟ್ಟವೂ ಹೋಯಿತು. 1912ರ ಕೊನೆಯ ಪಂದ್ಯದಲ್ಲಿ ಕೈಗೆ ಬಂದ ಸುಲಭದ ಕ್ಯಾಚ್ ಬಿಟ್ಟವನೂ ನ್ಯೂಯಾರ್ಕಿನವನೇ. ಇನ್ನು 1924. ಕಪ್ಪು ಯಾರಿಗೆಂದು ತೀರ್ಮಾನಿಸುವ ಪಂದ್ಯ, ಎದುರಿಗೆ ವಾಷಿಂಗ್ಟನ್, ಹನ್ನೆರಡನೇ ಇನ್ನಿಂಗ್ಸ್, ಮೂರನೇ ಬೇಸಿನಲ್ಲಿ ನ್ಯೂಯಾರ್ಕಿನ ಹದಿನೆಂಟರ ಹುಡುಗ.

ಇಲ್ಲಿಂದ ಚಿಕ್ಕಹನುಮಯ್ಯನವರ ದನಿ ಬದಲಾಗುತ್ತದೆ. ಎದೆ ಮುಂದಕ್ಕೆ, ಪದಗಳು ಮೂಗಿನಿಂದ. ಮೇಷ್ಟ್ರು ಮೈಮೇಲೆ ಬಂದಂತೆ: "ಗುಬ್ಬಿ ಹುಡುಗ ಹೊಡೆದಿದ್ದಾನೆ. ಚೆಂಡು ನೆಲ ಹಿಡಿದು ಬರ್ತಾ ಇದೆ. ಕುಣಿಗಲ್ ಹುಡುಗ ಬಗ್ಗಿದ್ದಾನೆ, ಕೈ ಒಡ್ಡಿದ್ದಾನೆ, ಇನ್ನೇನು ಸಿಕ್ತು ಅನ್ನೋ ಅಷ್ಟರಲ್ಲಿ..." ಚಿಪ್ಪಿನಿಂದ ಕಲ್ಲೊಂದನ್ನು ತೆಗೆದು ನನ್ನ ಕಣ್ಣೆದುರು ಹಿಡಿಯುತ್ತಾರೆ. ದನಿ ಮತ್ತೆ ಅಮೃತೂರಿಗೆ ಇಳಿಯುತ್ತದೆ. "ಇಷ್ಟೇ ಸಾ. ಇಷ್ಟೇ ಇಷ್ಟು. ಚೆಂಡು ನೆಗ್ದು ಹುಡ್ಗನ ತಲೆ ಮೇಲಿಂದ ಹೋಯ್ತು. ಗುಬ್ಬಿಯೋರು ಕಪ್ಪು ಎತ್ಕಂಡ್ರು."

ಅದೇ ಪಂದ್ಯದಲ್ಲಿ ಮೊದಲೊಮ್ಮೆಯೂ ಚೆಂಡು ಅದೇ ಹುಡುಗನ ತಲೆಯ ಮೇಲೆ ಹಾಗೆಯೇ ಹಾರಿತ್ತು. ಕಲ್ಲೇ ಕಾರಣ ಎಂಬ ಮಾತು ಇಂದಿಗೂ ಉಳಿದಿದೆ. "ಹೊಡ್ದೋನ ಹೆಸ್ರು ಹೇಳ್ತಾರೆ, ಬಿಟ್ಟೋನ ಹೆಸ್ರು ಹೇಳ್ತಾರೆ. ಆವತ್ತು ಬೆಳಿಗ್ಗೆ ಆ ನೆಲ ಗುಡಿಸ್ದೋನು ಯಾರು ಅಂತ ಮೇಷ್ಟ್ರನ್ನ ಕೇಳ್ದೆ. ಅವ್ರಿಗೂ ಗೊತ್ತಿರ್ಲಿಲ್ಲ."

ತಮಾಷೆಯೆಂದರೆ, ಇದು ನಿಜವಾಗಿ ಗುಬ್ಬಿಯಲ್ಲೇ ನಡೆದದ್ದೆಂದು ಅವರು ಬಹಳ ಕಾಲ ನಂಬಿದ್ದರು. ಒಂದು ಸಂತೆಯ ದಿನ ಆ ಮೈದಾನ ನೋಡಲೆಂದೇ ಗುಬ್ಬಿಗೆ ಬಸ್ ಹತ್ತಿದರು. ಕೊಬ್ಬರಿ ವ್ಯಾಪಾರಿಯೊಬ್ಬರನ್ನು ವಿಚಾರಿಸಿದರು.

"ಅಣ್ಣ, ಕಲ್ಲಿಗೆ ತಾಗಿ ಚೆಂಡು ಹಾರಿದ್ದ ಗ್ರೌಂಡ್ ಎಲ್ಲೈತೆ?"

"ಕೊಬ್ರಿ ರೇಟು ಕೇಳು, ಹೇಳ್ತೀನಿ. ಚೆಂಡಿನ ರೇಟು ನಂಗೊತ್ತಿಲ್ಲ."

ಕೊನೆಗೆ ಯಾವುದೋ ಶಾಲೆಯ ಬಯಲಿನಿಂದ ಒಂದು ಕಲ್ಲು ಆರಿಸಿ ತಂದು ಮೇಷ್ಟ್ರ ಮೇಜಿನ ಮೇಲಿಟ್ಟರು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. "ಲೇ ಹನುಮ, ಅದು ಅಮೆರಿಕ ಕಣೋ!"

ಎದುರಿಗಿದ್ದವರ ಮುಖ ನೋಡಿ ನಗು ನಿಂತಿತು. ಆ ಕಲ್ಲನ್ನು ಮೇಷ್ಟ್ರು ಎಸೆಯಲಿಲ್ಲ. "ಆಡ್ಸೋಣ ಬಿಡು. ಗುಬ್ಬಿ, ಕುಣಿಗಲ್, ಇದೇ ಗ್ರೌಂಡಲ್ಲಿ. ನಿಜವಾಗ್ಲೂ ಆಡ್ಸೋಣ," ಎಂದರು. ಪ್ರತಿ ವರ್ಷ ಅದನ್ನೇ ಹೇಳಿದರು. ಎರಡು ಕಡೆಯಿಂದಲೂ ತಂಡ ಕೂಡುವಷ್ಟು ಆಟಗಾರರು ಒಮ್ಮೆಯೂ ಸಿಗಲಿಲ್ಲ. ಮೇಷ್ಟ್ರು ನಿವೃತ್ತರಾದರು, ಆಮೇಲೆ ತೀರಿಕೊಂಡರು. ಮಾತು ಮಾತ್ರ ಮೈದಾನದಲ್ಲೇ ಉಳಿಯಿತು.

ಮನೆಯಲ್ಲಿ ಹೆಂಡತಿ ಮಹಾಲಕ್ಷ್ಮಮ್ಮನವರ ದೂರು ಬೇರೆಯೇ. "ಅಲ್ಲಿ ಎಕರೆಗಟ್ಲೆ ಕಲ್ಲು ಆರಿಸ್ತಾರೆ. ಇಲ್ಲಿ ಒಂದು ಮೊರ ಅಕ್ಕಿ ಕೊಟ್ರೆ ಕನ್ನಡಕ ಇಲ್ಲ ಅಂತಾರೆ. ಅನ್ನದಲ್ಲಿ ಕಲ್ಲು ಸಿಕ್ರೆ ನನ್ನ ಮೇಲೇ ರೇಗ್ತಾರೆ, ನಾನೇನೋ ಗುಬ್ಬಿಯೋಳು ಅನ್ನಂಗೆ."

ಈ ವರ್ಷ ಆಸೆ ಮತ್ತೆ ಚಿಗುರಿದೆ. ಸಾಫ್ಟ್‌ಬಾಲ್ ಕೋಚ್ ಪೂಜಾ ಹಾಸ್ಟೆಲಿನ ಹುಡುಗಿಯರನ್ನು ತಾಲ್ಲೂಕುವಾರು ಎಣಿಸಿ ನೋಡಿದ್ದಾರೆ. ಗುಬ್ಬಿಯವರು ಒಂಬತ್ತು, ತಂಡ ಭರ್ತಿ. ಕುಣಿಗಲ್ಲಿನವರು ಎಂಟು. ಮೂರನೇ ಬೇಸಿಗೆ ಜನವಿಲ್ಲ. ಬೇಸೂ ಕುಣಿಗಲ್ಲಿನದೇ, ಬೇಸರವೂ ಕುಣಿಗಲ್ಲಿನದೇ. ಒಂಬತ್ತನೆಯವಳಾಗಿ ಬಾ ಎಂದು ಅದೇ ತಾಲ್ಲೂಕಿನ ಹುಲಿಯೂರುದುರ್ಗದ ಹುಡುಗಿಯೊಬ್ಬಳನ್ನು ಕೇಳಿದ್ದಾರೆ. ಆಡುವುದಾದರೆ ಈಗಲೇ ಆಡಬೇಕು. ಬೇಸಿಗೆ ರಜೆಯಲ್ಲಿ ಮಣ್ಣಿನ ಮೇಲೆ ಪ್ಲಾಸ್ಟಿಕ್ ಹುಲ್ಲು ಹಾಸುತ್ತಾರೆ. ಆಮೇಲೆ ಇಲ್ಲಿ ಆರಿಸಲು ಕಲ್ಲಿರುವುದಿಲ್ಲ. ಚಿಕ್ಕಹನುಮಯ್ಯನವರನ್ನು ಗೇಟು ಕಾಯಲು ಹಾಕುತ್ತಾರಂತೆ.

ಅಭ್ಯಾಸಕ್ಕೆ ಬಂದ ಪೂಜಾ ಅವರನ್ನು ಕಂಡೊಡನೆ ಇವರದು ಒಂದೇ ಪ್ರಶ್ನೆ. "ಆ ಹುಲಿಯೂರುದುರ್ಗದ ಮಗು ಏನಂತವ್ವ?"

"ಪ್ರಾಕ್ಟಿಕಲ್ಸ್ ಮುಗೀಲಿ, ನೋಡ್ತೀನಿ ಅಂದ್ಲು. ಬರ್ತೀನಿ ಅಂತ್ಲೂ ಹೇಳ್ಲಿಲ್ಲ. ತುಮಕೂರಿನೋಳು ಒಬ್ಬಳನ್ನ ಹಾಕ್ಕೊಳ್ಳೋಣ ಬನ್ನಿ ಹನುಮಯ್ಯ. ಯಾರಿಗ್ ಗೊತ್ತಾಗುತ್ತೆ?"

"ನಂಗೊತ್ತಾಯ್ತದಲ್ಲವ್ವ. ಕುಣಿಗಲ್ಲು ಒಂದ್ಸಲ ಗೆದ್ರೂ, ತುಮಕೂರೋಳು ಗೆಲ್ಲಿಸ್ದಂಗೆ ಆಯ್ತದೆ."

"ಸರಿ, ಕಾಯಿರಿ. ಆದ್ರೆ ನಿಮ್ಮನ್ನ ಮಾತ್ರ ಅಂಪೈರ್ ಮಾಡಲ್ಲ ನಾನು."

"ಮಾಡ್ಬ್ಯಾಡಿ. ಕಾಮೆಂಟರಿ ನಂಗೆ ಬುಟ್ರೆ ಸಾಕು."

ಹುಡುಗಿಯರು ಆಡುತ್ತಾರೆ. ಗುಬ್ಬಿಯವಳೊಬ್ಬಳು ಹೊಡೆದ ಚೆಂಡು ನೆಲ ಹಿಡಿದು ಮೂರನೇ ಬೇಸಿನತ್ತ ಉರುಳುತ್ತದೆ. ಅಲ್ಲಿ ಹಿಡಿಯುವವರಿಲ್ಲ. ಚೆಂಡು ಎಲ್ಲೂ ನೆಗೆಯದೆ, ಎಲ್ಲೂ ವಾಲದೆ ಬೇಸಿನ ಪಕ್ಕದಲ್ಲೇ ಸಾಗಿ ಹುಲ್ಲಿನಲ್ಲಿ ನಿಲ್ಲುತ್ತದೆ. ಅದು ನಿಲ್ಲುವ ತನಕ ಚಿಕ್ಕಹನುಮಯ್ಯ ಉಸಿರು ಬಿಡುವುದಿಲ್ಲ. ಆಮೇಲೆ ತಾವೇ ಹೋಗಿ ಎತ್ತಿ ಕೊಡುತ್ತಾರೆ.

ಬಿಸಿಲೇರುತ್ತದೆ, ಹುಡುಗಿಯರು ತಿಂಡಿಗೆ ಹೊರಡುತ್ತಾರೆ. ಇವರು ಮತ್ತೆ ಚಪ್ಪಲಿ ಬಿಟ್ಟು ಮೂರನೇ ಬೇಸಿಗೇ ಬರುತ್ತಾರೆ. ನಿಲ್ಲುವವರೇ ಇಲ್ಲದ ಜಾಗಕ್ಕೆ ಇಷ್ಟು ಉಪಚಾರ ಯಾಕೆ ಎಂದು ಕೇಳುತ್ತೇನೆ.

"ಯಾವತ್ತು ಬತ್ತಾಳೋ ಏನೋ. ಬಂದಾಗ ನೆಲ ರೆಡಿ ಇರ್ಬೇಕಲ್ಲ." ಪಾದ ಜಾರುತ್ತದೆ, ನಿಲ್ಲುತ್ತದೆ. ಬಗ್ಗಿ ಮತ್ತೊಂದು ಕಲ್ಲನ್ನು ಚಿಪ್ಪಿಗೆ ಹಾಕುತ್ತಾರೆ. "ಸೋತ್ರೆ ಸೋಲ್ಲಿ ಸಾ, ನಮ್ಗೇನು ಹೊಸ್ದಲ್ಲ. ಕಲ್ಲಿಂದ ಸೋಲ್ಬಾರ್ದು ಅಷ್ಟೇ."