ಅಗಲದ ನೆಗೆಟಿವ್

ಕಳೆದ ಫೆಬ್ರವರಿಯ ಒಂದು ಶನಿವಾರ ನಾನು ತರಿಸಿದ ಫಿಲ್ಮ್ ಸ್ಕ್ಯಾನರ್ ಹಲಸೂರಿನ ಮನೆಗೆ ಬಂತು. ಮರುದಿನ ಬೆಳಿಗ್ಗೆ ಕಗ್ಗದಾಸಪುರದಿಂದ ಅಕ್ಕ ಬಂದಳು. ಅವಳಿಗೆ ಬೇಕಾಗಿದ್ದ ಒಂದೇ ಒಂದು ನೆಗೆಟಿವ್ ಅದರಲ್ಲಿ ಹಿಡಿಸಲಿಲ್ಲ.

ಅಕ್ಕ ನನ್ನ ತಂದೆಯ ಮೊದಲ ಹೆಂಡತಿಯ ಮಗಳು. ಅವಳು ಕೂಸಾಗಿದ್ದಾಗಲೇ ಆ ತಾಯಿ ತೀರಿಕೊಂಡರು. ನಾನು ಎರಡನೇ ಮದುವೆಯ ಮಗ. ಅಕ್ಕನ ತಾಯಿಯದೆಂದು ಮನೆಯಲ್ಲಿದ್ದದ್ದು ಗೋಡೆಯ ಮೇಲಿನ ಫೋಟೋ ಮಾತ್ರ: ಎದೆಯವರೆಗಿನ ಚಿತ್ರ, ಹಿಂದೆಯೂ ಕೆಳಗೂ ಬರೀ ಬಿಳಿ, ಕಟ್ಟಿನ ಮೇಲೆ ಗಂಧದ ಹಾರ. ತಾಯಿಯ ಜೊತೆ ಅಕ್ಕ ಇರುವ ಚಿತ್ರ ಯಾರ ಮನೆಯಲ್ಲೂ ಇರಲಿಲ್ಲ. ಅವಳು ಕೇಳದ ನೆಂಟರಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವರ ಬೀರು ಖಾಲಿ ಮಾಡುವಾಗ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ನೆಗೆಟಿವ್‌ಗಳು ಸಿಕ್ಕವು. ಹೆಚ್ಚಿನವು ನನ್ನ ಬಾಲ್ಯದ ಕಲರ್ ರೋಲ್‌ಗಳು. ತಳದಲ್ಲಿ, ಬೆಣ್ಣೆ ಕಾಗದದೊಳಗೆ, ಬೆಂಕಿಪೊಟ್ಟಣಕ್ಕಿಂತ ಅಗಲವಾದ ಕಪ್ಪುಬಿಳುಪಿನ ತುಂಡೊಂದಿತ್ತು. ಕಿಟಕಿಗೆ ಹಿಡಿದು ನೋಡಿದೆ. ಕುಳಿತ ಹೆಂಗಸು; ಅಕ್ಕನ ತಾಯಿಯೇ ಇರಬೇಕೆನಿಸಿತು. ಅವರ ಮಡಿಲಿನಿಂದ ಎದೆಯವರೆಗೆ ಯಾರೋ ಕೆಂಪು ಬಣ್ಣ ಬಳಿದಿದ್ದರು. ಫಿಲ್ಮಿನಿಂದ ವಿನೆಗರ್ ವಾಸನೆ ಬರುತ್ತಿತ್ತು, ಅಂಚು ಸುರುಳಿಕೊಳ್ಳುತ್ತಿತ್ತು. ನಾನು ಪ್ರೂಫ್ ತಿದ್ದುವ ಪತ್ರಿಕೆಯ ಫೋಟೋ ವಿಭಾಗದಲ್ಲಿ ಇದೇ ವಾಸನೆಯ ಫಿಲ್ಮುಗಳು ಹಾಳಾಗಿ ಹೋಗಿದ್ದನ್ನು ಕಂಡಿದ್ದೆ. ಅಕ್ಕನಿಗೆ ಫೋನ್ ಮಾಡಿದೆ.

"ಮಡಿಲಲ್ಲಿ ನಾನಿದ್ದೀನಾ?" ಎಂದು ಕೇಳಿದಳು.

"ಬಣ್ಣ ಇದೆ. ಸ್ಕ್ಯಾನ್ ಮಾಡಿದ್ರೆ ಗೊತ್ತಾಗಬಹುದು."

ಇಂದಿರಾನಗರದ ಅಂಗಡಿಗಳಲ್ಲಿ ಇಂಥ ಸ್ಕ್ಯಾನರ್ ಇರಲಿಲ್ಲ. ಆನ್‌ಲೈನಿನಲ್ಲಿ ಎರಡು ಬಗೆ ಕಂಡವು. ಒಂದು ಅಂಗೈಯಗಲದ ಪೆಟ್ಟಿಗೆ; ಒಳಗಿನ ಕ್ಯಾಮೆರಾ ಕ್ಷಣದಲ್ಲಿ ಚಿತ್ರ ತೆಗೆಯುತ್ತದೆ, ನನ್ನ ಸಂಬಳಕ್ಕೆ ಎಟಕುತ್ತದೆ. ಇನ್ನೊಂದು ಜೆರಾಕ್ಸ್ ಯಂತ್ರದಂತೆ ಗಾಜಿನದು, ಮುಚ್ಚಳದಲ್ಲೂ ದೀಪವಿರುತ್ತದೆ. ಹೊಸದು ಎಟಕುವಂತಿರಲಿಲ್ಲ. ಪೆಟ್ಟಿಗೆಯ ಜಾಹೀರಾತಿನಲ್ಲಿ ಎಲ್ಲ ಬಗೆಯ ಹಳೆಯ ಫಿಲ್ಮಿಗೂ ಆಗುತ್ತದೆ ಎಂದಿತ್ತು. ಕಲರ್, ಕಪ್ಪುಬಿಳುಪು, ಸ್ಲೈಡ್ ಎಲ್ಲವೂ ಸೇರಿದ್ದು ನಿಜ. ಅಗಲದ ಬಗ್ಗೆ ಅದು ಏನೂ ಹೇಳಿರಲಿಲ್ಲ; ನಾನೂ ವಿಚಾರಿಸದೆ ಅದನ್ನೇ ತರಿಸಿದೆ.

ಆ ಭಾನುವಾರ ಅಕ್ಕ ನೆಗೆಟಿವನ್ನು ಪೆಟ್ಟಿಗೆಯ ಫಿಲ್ಮ್ ಟ್ರೇ ಪಕ್ಕ ಇಟ್ಟು ನೋಡಿದಳು. ಟ್ರೇ ಅದರ ಅರ್ಧದಷ್ಟಿತ್ತು.

"ನಿನ್ನ ಬರ್ತ್‌ಡೇ ಎಲ್ಲಾ ಹಿಡಿಸುತ್ತೆ. ನಮ್ಮಮ್ಮ ಹಿಡಿಸಲ್ಲ," ಎಂದಳು.

"ಬೇಕಂತ ಮಾಡಿದ್ದಲ್ಲ ಅಕ್ಕಾ. ವಾಪಸ್ ಕಳಿಸ್ತೀನಿ."

"ಊರವರ ತಪ್ಪೆಲ್ಲಾ ತಿದ್ದೋನು ನೀನು. ಒಂದು ಸ್ಕೇಲ್ ಇಟ್ಟು ಅಳೆಯೋಕೆ ಆಗ್ಲಿಲ್ವಾ?"

ಅಡುಗೆಮನೆಯಿಂದ ಅಮ್ಮ, "ಕಾಫಿ ಕುಡಿದು ಜಗಳ ಆಡಿ," ಎಂದರು. ಅಕ್ಕ ಕಾಫಿ ಕುಡಿಯಲಿಲ್ಲ.

ಪೆಟ್ಟಿಗೆ ವಾಪಸ್ ಹೋಯಿತು. ಅದರ ಮುಂದಿನ ವಾರ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಮುಚ್ಚಿದ ಸ್ಟುಡಿಯೋಗಳ ಸಾಮಾನು ಮಾರುವ ಅಂಗಡಿಯಲ್ಲಿ, ಗಾಜಿನ ಬಗೆಯದೊಂದು ಸೆಕೆಂಡ್ ಹ್ಯಾಂಡ್ ಇದೆಯೆಂದು ತಿಳಿಯಿತು. ಅಕ್ಕನೂ ಬಂದಳು, ಕೈಯಲ್ಲಿ ಸ್ಕೇಲ್ ಹಿಡಿದು. ಅಂಗಡಿಯವನ ಎದುರಿಗೇ ಅದರ ಗಾಜನ್ನು ಅಳೆದಳು.

"ಏನ್ ಮೇಡಂ, ಸೈಟ್ ತಗೊಳೋಕೆ ಬಂದಿದ್ದೀರಾ?" ಎಂದ ಅವನು.

"ಇವನನ್ನ ನಂಬಿ ಬಂದಿಲ್ಲ ಅಂತ," ಎಂದು ನನ್ನತ್ತ ಸ್ಕೇಲ್ ತೋರಿಸಿದಳು. "ಫಿಲ್ಮ್ ಹಿಡಿಯೋ ಫ್ರೇಮ್ ಎಲ್ಲಿ?"

"ಫ್ರೇಮ್ ಬೇರೆ, ಅದರ ರೇಟ್ ಬೇರೆ."

"ಬಾಗಿಲು ಮಾರಿ ಬೀಗ ಬೇರೆ ಮಾರ್ತೀರಾ?"

"ಬೇಡಾಂದ್ರೆ ಬಿಡಿ. ಮಾರಿದ್ ಮೇಲೆ ವಾಪಸ್ ಇಲ್ಲ, ಈಗ್ಲೇ ಹೇಳ್ತಿದೀನಿ ಸಾಬ್."

ದೀಪ ಹತ್ತಿಸಿ ತೋರಿಸೆಂದೆ. ಮುಚ್ಚಳದ ದೀಪ ಹತ್ತಿತು. ಫ್ರೇಮ್ ಸೇರಿಸಿಯೇ ಕೊಂಡೆವು. ಆಟೋದಲ್ಲಿ ಅಕ್ಕ ಅದನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಅದು ನನ್ನ ಹೊಸ ಲ್ಯಾಪ್‌ಟಾಪಿಗೆ ಒಗ್ಗಲಿಲ್ಲ. ಹಳೆಯದನ್ನು ಅಟ್ಟದಿಂದ ಇಳಿಸಿದೆ. ಚಿತ್ರ ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಮೂಡಿತು. ಮೊದಲು ಬೈತಲೆ. ಆಮೇಲೆ ಗೋಡೆಯ ಮೇಲಿದ್ದ ಅದೇ ಮುಖ. ಅದರ ಕೆಳಗೆ, ಎದೆಗೆ ಒರಗಿದಂತೆ, ಮಗುವಿನ ಆಕಾರದ ಬಿಳಿ ಜಾಗ. ಕೆಂಪು ಬಣ್ಣ ಬೆಳಕನ್ನು ತಡೆದಲ್ಲೆಲ್ಲ ಬಿಳಿಯಾಗಿತ್ತು. ಬಣ್ಣ ಬಳಿದವನು ಒಂದು ಕಡೆ ತಪ್ಪಿದ್ದ: ತಾಯಿಯ ಸೆರಗನ್ನು ಹಿಡಿದ ಪುಟ್ಟ ಮುಷ್ಟಿ ಹಾಗೇ ಉಳಿದಿತ್ತು.

ಅಕ್ಕ ಪರದೆಯಿಂದ ಕಣ್ಣು ತೆಗೆಯದೆ, "ಯಾರು ಮಾಡಿಸಿದ್ದು ಚಿಕ್ಕಮ್ಮ?" ಎಂದಳು.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದರು. "ನಿಮ್ಮಪ್ಪ. ಗೋಡೆಗೆ ಹಾಕೋ ಫೋಟೋದಲ್ಲಿ ಬದುಕಿರೋರು ಇರಬಾರದು. ಹಾರ ಹಾಕ್ತೀವಿ, ವರ್ಷಕ್ಕೊಂದು ಸಲ ಎಡೆ ಇಡ್ತೀವಿ. ಮಗೂಗೂ ಸೇರಿಸಿ ಇಡೋದಾ?"

"ಪ್ರಿಂಟ್ ಕತ್ತರಿಸಬಹುದಿತ್ತು."

"ತಲೆ ಎದೆಗೆ ಒರಗಿದೆಯಲ್ಲ, ಎಲ್ಲಿ ಕತ್ತರಿಸ್ತಾರೆ?"

"ನೀವು ಆಗ ಈ ಮನೇಲಿ ಇರ್ಲೇ ಇಲ್ಲ. ನಿಮಗೆ ಹೇಗೆ ಗೊತ್ತು?"

"ಅವರೇ ಹೇಳಿದ್ದು. ಸ್ಟುಡಿಯೋದವನು ಇನ್ನೊಂದು ನೆಗೆಟಿವ್ ಮಾಡಿ ಅದಕ್ಕೆ ಬಣ್ಣ ಹಾಕ್ತೀನಿ ಅಂದನಂತೆ. ಇವರು ಬೇಡ, ಇದಕ್ಕೇ ಹಾಕು ಅಂದ್ರಂತೆ. ಒಂದೇ ಫೋಟೋಗೆ ಎರಡೆರಡು ಯಾಕೆ ಅಂತ."

"ಸತ್ತಿದ್ರೆ ನನ್ನನ್ನೂ ಉಳಿಸ್ತಿದ್ರು," ಎಂದಳು ಅಕ್ಕ. "ಬದುಕಿದ್ದೀನಿ ಅಂತ ಬಣ್ಣ ಬಳಿಸಿದ್ರು. ಇಷ್ಟು ವರ್ಷ ನೀವೂ ಬಾಯಿ ಬಿಡಲಿಲ್ಲ."

"ನೀನು ನನ್ನ ಹತ್ರ ಯಾವತ್ತು ಕೇಳಿದ್ದೆ? ಊರೆಲ್ಲಾ ಕೇಳಿದೆ, ನನ್ನನ್ನ ಬಿಟ್ಟು."

ಅಕ್ಕ ಸ್ಕ್ಯಾನರಿನ ಮುಚ್ಚಳ ಎತ್ತಿದಳು. ಗಾಜಿನ ಮೇಲಿಂದ ನೆಗೆಟಿವ್ ತೆಗೆದು ಬೆಣ್ಣೆ ಕಾಗದದೊಳಗೆ ಇಟ್ಟಳು. ನೀರಿನಲ್ಲಿ ತೊಳೆಯುವುದಾಗಿ ಹೇಳಿದಳು. ಇಂಥ ಬಣ್ಣ ನೀರಿಗೆ ಬಿಡಬಹುದು, ಆದರೆ ಹಳೆಯ ಫಿಲ್ಮಿನ ಪದರವೂ ಅದರ ಜೊತೆ ಏಳಬಹುದು, ಬಲ್ಲವರಿಗೆ ತೋರಿಸೋಣ ಎಂದೆ.

"ಇದರಲ್ಲಿರೋದು ನನ್ನ ಮುಖ. ಹೋದ್ರೆ ನಂದೇ ಹೋಗುತ್ತೆ," ಎಂದಳು. ಸ್ಕ್ಯಾನರನ್ನೂ ಹಳೆಯ ಲ್ಯಾಪ್‌ಟಾಪನ್ನೂ ಆಟೋಗೆ ಹಾಕಿಸಿಕೊಂಡು ಹೋದಳು.

ಮಾರ್ಚ್ ಪೂರ್ತಿ ಅಕ್ಕ ನನ್ನ ಫೋನ್ ತೆಗೆಯಲಿಲ್ಲ. ಅಮ್ಮನ ಮೊಬೈಲಿನಿಂದ ಮಾಡಿದಾಗ ನನ್ನ ಧ್ವನಿ ಕೇಳಿ ಕಟ್ ಮಾಡಿದಳು. ಏಪ್ರಿಲ್‌ನಲ್ಲಿ ಭಾವ ಸ್ಕ್ಯಾನರನ್ನು ತಂದು ಬಾಗಿಲಲ್ಲೇ ಕೊಟ್ಟರು. ಒಳಗೆ ಬನ್ನಿ ಎಂದೆ. ಬರಲಿಲ್ಲ. ನೆಗೆಟಿವ್ ಏನಾಯಿತೆಂದು ಕೇಳಿದೆ. ತಟ್ಟೆಯಲ್ಲಿ ಫಿಲ್ಟರ್ ನೀರು ಹಾಕಿ ಅಕ್ಕನೇ ತೊಳೆದಳು ಎಂದರು. ಬಣ್ಣ ಬಿಟ್ಟಿದೆಯಂತೆ. ಮಗುವಿನ ಎಡಗಣ್ಣಿನ ಜಾಗದಲ್ಲಿ ಪದರ ಎದ್ದುಹೋಗಿದೆ, ಉಳಿದ ಮುಖ ಇದೆ. ಮಗು ತಾಯಿಯ ಕಡೆ ನೋಡುತ್ತಿದೆ. ಪ್ರಿಂಟ್ ಹಾಕಿಸಿ ಮಲಗುವ ಕೋಣೆಯಲ್ಲಿ ಇಟ್ಟುಕೊಂಡಿದ್ದಾಳೆ.

ಆ ಚಿತ್ರವನ್ನು ಅಕ್ಕ ನನಗಾಗಲಿ ಅಮ್ಮನಿಗಾಗಲಿ ಈವರೆಗೆ ಕಳಿಸಿಲ್ಲ.