ಹಾಡಿಗೆ ನಡೆಯುವ ನಕ್ಷತ್ರ

ಕೌಲ್ ಬಜಾರಿನ ಮುಸ್ತಾಕ್ ನೆಲದ ಮೇಲೆ ನಿಂತದ್ದಕ್ಕಿಂತ ಏಣಿಯ ಮೇಲೆ ನಿಂತದ್ದೇ ಹೆಚ್ಚು. ಮದುವೆ, ಉರುಸು, ಗಣಪತಿ, ಗೃಹಪ್ರವೇಶ, ಏನೇ ಇರಲಿ, ಕುರುಗೋಡಿನಿಂದ ಸಿರುಗುಪ್ಪದವರೆಗೆ ದೀಪದ ಸರ ಕಟ್ಟಲು ಅವನೇ ಬೇಕು. ಅದಿರಿನ ಕಾಲ ಬಂದ ಮೇಲಂತೂ ಬಳ್ಳಾರಿಯಲ್ಲಿ ಕತ್ತಲೆಗೆ ಜಾಗವೇ ಉಳಿಯಲಿಲ್ಲ. ನಿನ್ನೆ ಮೊನ್ನೆ ಲಾರಿಯ ಕ್ಲೀನರ್ ಆಗಿದ್ದವನು ಇವತ್ತು ಲಾರಿಗಳ ಮಾಲೀಕ. ಅವನ ಮಗುವಿನ ಕಿವಿ ಚುಚ್ಚುವುದಕ್ಕೂ ಮನೆಗೆ ನೆತ್ತಿಯಿಂದ ಪಾದದವರೆಗೆ ದೀಪ. ಮನೆ ಕಟ್ಟಿಸಿದವರೆಲ್ಲ ಪಕ್ಕದವರಿಗಿಂತ ಒಂದು ಮಹಡಿ ಹೆಚ್ಚು ಕಟ್ಟಿಸಿದರು. ಆ ಹೆಚ್ಚಿನ ಮಹಡಿಗಳೆಲ್ಲ ಕೊನೆಗೆ ಬಂದು ಕೂತದ್ದು ಮುಸ್ತಾಕನ ಮೊಣಕಾಲಿನಲ್ಲಿ.

ಮೊಣಕಾಲಿನ ಸಂಗತಿ ಹೆಂಡತಿ ಮುಮ್ತಾಜಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಏಣಿ ಹತ್ತಲಾರೆ ಎಂದು ಲೈಟಿನವನೇ ಬಾಯಿಬಿಟ್ಟರೆ ಅವನನ್ನು ಕರೆಯುವವರು ಯಾರು? ದಿನಾ ಬೆಳಿಗ್ಗೆ ಅವಳು ಎಣ್ಣೆ ತಿಕ್ಕುತ್ತಿದ್ದಳು, ಜೊತೆಗೆ ನಾಲಿಗೆಯನ್ನೂ ಹರಿಯಬಿಡುತ್ತಿದ್ದಳು.

"ಕುಂತು ಮಾಡೋ ಕೆಲಸ ಒಂದು ನೋಡ್ಕೋರಿ. ಇದೇನು ಮೊಣಕಾಲೋ, ಬಾವಿ ಗಾಲಿಯೋ? ಎಷ್ಟ್ ಎಣ್ಣಿ ಹಾಕಿದ್ರೂ ಕಿರ್ ಅಂತೈತಿ."

ಕುಳಿತು ಮಾಡುವ ಕೆಲಸ ಹುಡುಕಿಕೊಂಡು ಬಂದದ್ದು ಹಿಂದಿನ ಗಲ್ಲಿಯ ಸುವಾರ್ತಮ್ಮನಿಂದ. ಆಕೆ ನಿವೃತ್ತ ನರ್ಸು. ಆ ಭಾಗದ ಅರ್ಧ ಜನ ಆಕೆಯ ಕೈಯಲ್ಲೇ ಹುಟ್ಟಿದವರಾದ್ದರಿಂದ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುತ್ತಿದ್ದಳು. ಗಣಿಯಲ್ಲಿ ಸೂಪರ್‌ವೈಸರ್ ಆಗಿದ್ದ ಆಕೆಯ ತಂಗಿಯ ಮಗ ಶೇಖರ್ ತನ್ನ ಹೊಸ ಫೋನಿನಲ್ಲಿ ಯಾವುದೋ ದೇಶದ ಕ್ರಿಸ್ಮಸ್ ಮನೆಯೊಂದನ್ನು ತೋರಿಸಿದ್ದ. ಹಾಡಿಗೆ ಸರಿಯಾಗಿ ಆ ಮನೆಯ ದೀಪಗಳು ಕುಣಿಯುತ್ತಿದ್ದವು. ಸುವಾರ್ತಮ್ಮ ಮುಸ್ತಾಕನನ್ನು ಕರೆಸಿದಳು.

"ಫೋನಿನ್ಯಾಗಿನ ಮನಿ ಕುಣಿತೈತಿ. ನನ್ನ ಮನಿ ಯಾಕ ಸುಮ್ನ ಕುಂದ್ರಬೇಕು?"

ಅವನು ಮೊದಲು ನೋಡಿದ್ದು ಫೋನನ್ನಲ್ಲ, ಆಕೆಯ ಗೋಡೆಯನ್ನು. ಒಂದೇ ಅಂತಸ್ತು, ಸ್ಟೂಲು ಹಾಕಿದರೆ ಸೂರು ಕೈಗೆ ಸಿಗುತ್ತದೆ. ಗಲ್ಲಿಯಲ್ಲಿ ಚರ್ಚಿಗೆ ಹೋಗುವವರ ಮನೆಗಳೆಲ್ಲ ಅಷ್ಟೇ ಎತ್ತರ. ಈ ಒಂದು ಮನೆ ಕುಣಿದರೆ ಬರುವ ವರ್ಷ ಉಳಿದ ಮನೆಗಳೂ ಕುಣಿಯುತ್ತವೆ, ಏಣಿಯನ್ನು ಗುಜರಿಗೆ ಹಾಕಬಹುದು. ಒಪ್ಪಿಕೊಂಡ.

ಬಜಾರಿನ ಚೈನಾ ಸೀರಿಯಲ್ ಸೆಟ್ಟುಗಳು ತಮ್ಮ ಮನಸ್ಸಿಗೆ ಬಂದಂತೆ ಮಿಣುಕುತ್ತಿದ್ದವು. ಹಾಡಿಗೂ ಅವಕ್ಕೂ ಸಂಬಂಧವಿಲ್ಲ. ಮುಸ್ತಾಕ್ ಅಟ್ಟದಿಂದ ತನ್ನ ಹಳೆಯ ಡ್ರಮ್ಮನ್ನು ಇಳಿಸಿದ. ಅದೊಂದು ಮರದ ಉರುಳೆ, ಮೈಮೇಲೆ ತಾಮ್ರದ ಪಟ್ಟಿಗಳು. ಎದುರಿಗೆ ಸಾಲಾಗಿ ಹಿತ್ತಾಳೆಯ ನಾಲಿಗೆಗಳು, ಒಂದೊಂದು ನಾಲಿಗೆಗೂ ಒಂದೊಂದು ದೀಪದ ಸರ. ಉರುಳೆ ತಿರುಗುವಾಗ ಪಟ್ಟಿ ಯಾವ ನಾಲಿಗೆಗೆ ತಾಕುತ್ತದೋ ಆ ಸರ ಹತ್ತಿಕೊಳ್ಳುತ್ತದೆ. ಉರುಸಿನಲ್ಲಿ ನವಿಲಿಗೆ ಗರಿ ಬಿಚ್ಚಿಸಿದ್ದು, ಗಣಪತಿಯ ಇಲಿಯನ್ನು ಓಡಿಸಿದ್ದು ಇದೇ ಉರುಳೆ. ಹಳೇ ಪಟ್ಟಿ ಕಿತ್ತು ಹಾಡಿನ ಪ್ರಕಾರ ಹೊಸದಾಗಿ ಹೊಡೆದರಾಯಿತು.

ಹಾಡು ಚರ್ಚಿನವರೇ ತೆಲುಗಿನಲ್ಲಿ ಹಾಡಿ ತುಂಬಿಸಿದ ಕ್ಯಾಸೆಟ್ಟು, ಬ್ಯಾಟರಿ ಟೇಪಿನಲ್ಲಿ ನುಡಿಯುತ್ತಿತ್ತು. ನಕ್ಷತ್ರ ಗೋಡೆಯ ಎಡತುದಿಯಲ್ಲಿ ಹುಟ್ಟಿ, ಒಂದೊಂದು ಸಾಲಿಗೂ ಒಂದೊಂದು ಹೆಜ್ಜೆ ಸರಿದು, ಪಲ್ಲವಿ ಬರುವ ಹೊತ್ತಿಗೆ ಜಗಲಿಯಲ್ಲಿ ಬಾಲಯೇಸುವನ್ನು ಮಲಗಿಸಿದ ಗೋದಲಿಯ ಮೇಲೆ ನಿಲ್ಲಬೇಕು; ಆಗ ಗೋದಲಿ ಬೆಳಗಬೇಕು. ಸಂಜೆಯಾದರೆ ಮುಸ್ತಾಕ್ ಆ ಜಗಲಿಯಲ್ಲಿ ಕೂತು ಕೇಳುವನು, ಒಂದು ಪಟ್ಟಿ ಹೊಡೆಯುವನು, ಮತ್ತೆ ಮೊದಲಿಂದ ಕೇಳುವನು. ಬೆಳಿಗ್ಗೆ ಬಂದು ನೋಡಿದರೆ ಬಲ್ಬುಗಳ ಮೇಲೆ ಅದಿರಿನ ಕೆಂಪು ಧೂಳು. ನೀಲಿ ದೀಪ ಕೂಡ ಬದನೆಕಾಯಿ ಬಣ್ಣ. ಒಂದೊಂದನ್ನೇ ಒರೆಸುವುದರಲ್ಲಿ ಬೆನ್ನು ಹಿಡಿಯುತ್ತಿತ್ತು. ಆದರೂ ಅದು ಕೂತು ಹಿಡಿಸಿಕೊಂಡ ಬೆನ್ನು. ಬಚ್ಚಲಲ್ಲೂ ಅದೇ ಹಾಡು ಗುನುಗುತ್ತಿದ್ದ. ಗಂಡ ಕೂತು ದುಡಿಯುವುದಾದರೆ ಹಾಡು ಯಾರದ್ದಾದರೇನು ಎಂದುಕೊಂಡಳು ಮುಮ್ತಾಜ್.

ಹಬ್ಬಕ್ಕೆ ಮುಂಚೆ ನಕ್ಷತ್ರ ತಪ್ಪದೆ ನಡೆಯತೊಡಗಿತು. ಸುವಾರ್ತಮ್ಮ ಕಣ್ಣೊರೆಸಿಕೊಂಡು, ಧೂಳು ಬಿತ್ತು ಎಂದಳು.

ಹಬ್ಬದ ಹಿಂದಿನ ಸಂಜೆ ಗಲ್ಲಿಯ ಜನವೆಲ್ಲ ಅಂಗಳದಲ್ಲಿ ಸೇರಿದರು. ಚರ್ಚಿನ ಹಾಡಿನ ಗುಂಪೂ ಬಂತು. ಆಗ ಕರೆಂಟು ಹೋಯಿತು. ಹೋಗದಿದ್ದರೆ ಅದು ಹಬ್ಬ ಹೇಗಾದೀತು? ಶೇಖರ್ ಇದಕ್ಕೇ ಕಾಯುತ್ತಿದ್ದವನಂತೆ ಗಣಿಯಿಂದ ತಂದಿಟ್ಟಿದ್ದ ಜನರೇಟರ್ ಚಾಲೂ ಮಾಡಿದ. ಹಾಡು ಶುರುವಾಯಿತು. ನಕ್ಷತ್ರ ಹುಟ್ಟಿದ್ದೇ ಓಟ ಕಿತ್ತಿತು. ಮೊದಲ ಸಾಲು ಮುಗಿಯುವುದರೊಳಗೆ ಗೋದಲಿ ಮುಟ್ಟಿ, ಗೋದಲಿ ಬೆಳಗಿ, ಆರಿ, ಮತ್ತೆ ಎಡತುದಿಯಲ್ಲಿ ಹುಟ್ಟಿತು. ಹಾಡಿನಲ್ಲಿ ಕುರುಬರು ಇನ್ನೂ ಮಲಗಿಯೇ ಇದ್ದರು.

"ಲೇ, ಟಿಪ್ಪರ್ ಡ್ರೈವರ್ ಕೂತಾನಲೇ ಅದರಾಗ," ಎಂದ ಯಾರೋ ಹಿಂದಿನಿಂದ. "ಟ್ರಿಪ್ಪಿನ ಲೆಕ್ಕದಾಗ ಓಡಸ್ತಾನ ನೋಡು."

ಅಂಗಳವೆಲ್ಲ ನಕ್ಕಿತು. ಮುಸ್ತಾಕನಿಗೆ ತಪ್ಪು ಹೊಳೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಡ್ರಮ್ಮಿಗೆ ಹಾಕಿದ್ದು ಹೊಲಿಗೆ ಯಂತ್ರದ ಮೋಟಾರು; ಕರೆಂಟು ಎಷ್ಟು ಜೋರೋ ಅಷ್ಟೇ ಅದರ ಓಟ. ಕೌಲ್ ಬಜಾರಿನಲ್ಲಿ ಸಂಜೆಯಾದರೆ ಕರೆಂಟು ಬಾಣಂತಿಯಂತೆ ನಿಧಾನವಾಗಿ ಓಡಾಡುತ್ತದೆ. ಹುಟ್ಟಿದಾಗಿನಿಂದ ಅದನ್ನೇ ನೋಡಿದವನು ಅದೇ ಸರಿಯಾದ ಕರೆಂಟು ಅಂದುಕೊಂಡು ಪಟ್ಟಿ ಹೊಡೆದಿದ್ದ. ಜನರೇಟರಿನಿಂದ ಹೊಟ್ಟೆ ತುಂಬಿದ ಕರೆಂಟು ಬಂದರೆ ಏನಾಗುತ್ತದೆ ಎಂಬ ಯೋಚನೆಯೇ ಬಂದಿರಲಿಲ್ಲ.

ಸುವಾರ್ತಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಏನಪಾ ಮುಸ್ತಾಕ, ನಿನ್ನ ನಕ್ಷತ್ರಕ್ಕ ಬಸ್ ತಪ್ಪತೈತೇನು?"

"ಒಂದು ನಿಮಿಷ ತಡೀರಿ ನರ್ಸಮ್ಮ."

ಮೋಟಾರಿನ ಬೆಲ್ಟು ಬಿಚ್ಚಿದ. ಸ್ಟೂಲನ್ನು ಡ್ರಮ್ಮಿನ ಪಕ್ಕಕ್ಕೆ ಎಳೆದು ಕೂತು, ಉರುಳೆಯ ಮರದ ತುದಿಯನ್ನು ಕೈಯಲ್ಲಿ ಹಿಡಿದ. ಹಾಡನ್ನು ಮೊದಲಿಂದ ಹಾಕಿಸಿ ತಾನೇ ತಿರುಗಿಸತೊಡಗಿದ. ಬಾಯಿಪಾಠ ಬಂದಿದ್ದ ಹಾಡು. ಎಲ್ಲಿ ಎಳೆಯುತ್ತಾರೆ, ಎಲ್ಲಿ ಉಸಿರು ತಗೊಳ್ಳುತ್ತಾರೆ, ಎಲ್ಲವೂ ಕೈಗೆ ಗೊತ್ತಿತ್ತು. ನಕ್ಷತ್ರ ನಡೆಯಿತು. ಪಲ್ಲವಿಗೆ ಸರಿಯಾಗಿ ಗೋದಲಿ ಬೆಳಗಿತು. ನಗುತ್ತಿದ್ದವರು ನೋಡಲು ಮುಂದೆ ಸರಿದು ಬಂದರು. ಹಾಡಿನ ಗುಂಪಿನವರು ತಡೆಯಲಾರದೆ ಟೇಪಿನ ಜೊತೆ ತಾವೂ ದನಿಗೂಡಿಸಿದರು. ಮುಗಿದದ್ದೇ ಇನ್ನೊಮ್ಮೆ ಅಂದರು, ಆಮೇಲೆ ಮತ್ತೊಮ್ಮೆ. ಹೊಸ ವರ್ಷದವರೆಗೆ ದಿನಾ ಸಂಜೆ ಬರಬೇಕೆಂದು ಸುವಾರ್ತಮ್ಮ ಅಲ್ಲೇ ಹುಕುಂ ಮಾಡಿದಳು. ಎದುರುಮನೆಯವರು ಮುಂದಿನ ವರ್ಷಕ್ಕೆ ತಮ್ಮನೆಗೂ ಬಾ ಅಂದರು. ಒಬ್ಬನೇ ಮನುಷ್ಯ ಒಂದೇ ಸಂಜೆ ಎರಡು ಮನೆಯ ಡ್ರಮ್ಮು ಹೇಗೆ ತಿರುಗಿಸಿಯಾನು ಎಂದು ಯಾರೂ ಕೇಳಲಿಲ್ಲ. ಮುಸ್ತಾಕನೂ ಹೇಳಲಿಲ್ಲ. ಮೊಣಕಾಲಿಗೆ ಸುಖವಾಗಿತ್ತು, ಹೆಗಲು ಆಗಲೇ ಗೊಣಗಲು ಶುರುಮಾಡಿತ್ತು.

ಚಹಾದ ಹೊತ್ತಿಗೆ ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕುರುಗೋಡಿನ ಕಡೆಯ ಗಣಿ ಮಾಲೀಕರ ಮ್ಯಾನೇಜರ್ ಚಿದಾನಂದಪ್ಪ. ಹೊಸ ವರ್ಷಕ್ಕೆ ಸಾಹೇಬರ ನಾಲ್ಕು ಮಹಡಿ ಬಂಗಲೆ, ಮೇಲೆ ನೀರಿನ ಟಾಕಿ, ಟಾಕಿಯ ಮೇಲೆ ಕಿರೀಟದ ಆಕಾರದ ದೀಪ. ನಾಳೆಯಿಂದಲೇ ಬಾ ಅಂದ. ಆ ಮನೆಯ ದೀಪದ ಕೆಲಸ ಶುರುವಿನಿಂದ ಮುಸ್ತಾಕನದ್ದೇ.

ಅವನು ಅಂಗಳದ ಮೂಲೆಗೆ ಹೋದ. ಇಷ್ಟು ವರ್ಷ ನುಂಗಿಕೊಂಡಿದ್ದ ಮಾತನ್ನು ಹೊರಹಾಕಿದ.

"ಸಾರ್, ನನಗ ಇನ್ನ ಏಣಿ ಹತ್ತಾಕ ಆಗಂಗಿಲ್ರಿ. ಮೊಣಕಾಲು ಹೋಗ್ಯಾವು."

ಯಾಕೆ, ಏನು, ಎಂದಿನಿಂದ, ನೀನಿಲ್ಲದೆ ಹೇಗೆ ಎಂದು ಆತ ಕೇಳಿದರೆ ಏನು ಹೇಳಬೇಕೆಂದು ಮುಸ್ತಾಕ್ ಎಷ್ಟೋ ಬೆಳಗುಗಳಲ್ಲಿ ಎಣ್ಣೆ ತಿಕ್ಕಿಸಿಕೊಳ್ಳುತ್ತ ಯೋಚಿಸಿಟ್ಟುಕೊಂಡಿದ್ದ.

"ಹೌದಾ? ಆಯ್ತು ಬಿಡಪಾ," ಎಂದ ಚಿದಾನಂದಪ್ಪ. "ಸಿರುಗುಪ್ಪದ ಕಡಿ ಹುಡುಗ್ರು ಅದಾರ, ಅವರಿಗೆ ಹೇಳ್ತೀನಿ."

ಫೋನು ಕಟ್ಟಾಯಿತು. ಯೋಚಿಸಿಟ್ಟ ಮಾತೊಂದೂ ಖರ್ಚಾಗಲಿಲ್ಲ. ಮುಸ್ತಾಕ್ ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಜಗಲಿಯಿಂದ ಸುವಾರ್ತಮ್ಮ ಕೂಗಿದಳು, ಜನ ಕಾಯುತ್ತಿದ್ದಾರೆಂದು. ಅವನು ಬಂದು ಸ್ಟೂಲಿನ ಮೇಲೆ ಕೂತ, ಎಡಗೈಯಿಂದ ಬಲಹೆಗಲನ್ನು ಒಮ್ಮೆ ಒತ್ತಿಕೊಂಡ, ಹಾಡು ಹಾಕಿ ಎಂದ.